ಮಾತು ಬಾರದ ಮಕ್ಕಳೂ ಆಟದ ಬಯಲೂ

ಮೊನ್ನೆ ಸಾಯಂಕಾಲ ಉದ್ಯಾನವೊಂದರಲ್ಲಿ ನಾವು ಕಣ್ಣಾರೆ ಕಂಡ ಸಂಗತಿಯಿದು. ಆರೇಳು ವರ್ಷದ ಬಾಲಕನೊಬ್ಬನು ಉಯ್ಯಾಲೆಯಲ್ಲಿ ಕುಳಿತಿದ್ದನು. ಹುಡುಗರು ಉಲ್ಲಾಸದಿಂದ ತೂಗುತ್ತಿದ್ದರು. ಬಾಲಕನಿಗೆ ಭಯವಾಗಿತ್ತು. ಆದರೆ ‘ಸಾಕು’ ಎನ್ನಲು ಅವನಿಗೆ ಮಾತು ಬಾರದು. ಇಳಿದವನೇ ತೂಗಿದವನ ಕೈ ಕಚ್ಚಿದನು. ಉಳಿದ ತಾಯಂದಿರು ತಮ್ಮ ಮಕ್ಕಳನ್ನು ಎಳೆದುಕೊಂಡು ದೂರ ಸರಿದರು. ಅವನ ತಾಯಿ ತಲೆತಗ್ಗಿಸಿ ಅವನನ್ನು ಕರೆದೊಯ್ದಳು. ಆಕೆ ಮರಳಿ ಅಲ್ಲಿಗೆ ಬರುವಳೆಂದು ನಮಗೆ ತೋರುವುದಿಲ್ಲ.

ಇಂಥ ಮಕ್ಕಳಿಗಾಗಿ ಅಮೆರಿಕೆಯ ಅನೇಕ ಆಟದ ಬಯಲುಗಳಲ್ಲಿ ಚಿತ್ರಫಲಕಗಳನ್ನು ನಿಲ್ಲಿಸಿದ್ದಾರೆ. ಬೇಕು, ಬೇಡ, ಇನ್ನೂ, ಸಾಕು, ನಿಲ್ಲಿಸು, ನನ್ನ ಸರದಿ—ಒಂದೊಂದು ಮಾತಿಗೂ ಒಂದೊಂದು ಚಿತ್ರ. ಮಗು ಬೆರಳಿಟ್ಟು ತೋರಿಸಿದರೆ ಹೇಳಿದಂತಾಯಿತು. ಯಂತ್ರ ಬೇಡ, ವಿದ್ಯುಚ್ಛಕ್ತಿ ಬೇಡ. ಎರಡು ಕಂಬ, ಒಂದು ಹಲಗೆ.

ಬೆರಳಿಗೆ ಒಗ್ಗಿದ ಮಗು ನಾಲಗೆಯನ್ನು ಮರೆತೀತೆಂಬ ಅಂಜಿಕೆ ಹೆತ್ತವರಲ್ಲುಂಟು. ಅದು ಸಹಜವೇ, ಆದರೆ ಅದಕ್ಕೆ ಆಧಾರವಿಲ್ಲ. ಚಿತ್ರ, ಸನ್ನೆ ಮುಂತಾದ ಸಾಧನಗಳನ್ನು ಬಳಸಿದ 27 ಮಂದಿಯ ವೃತ್ತಾಂತಗಳನ್ನು ಪರಿಶೀಲಿಸಿದ ಸಮೀಕ್ಷೆಯೊಂದು 2006ರಲ್ಲಿ ಪ್ರಕಟವಾಯಿತು. ಒಬ್ಬರಲ್ಲಿಯೂ ಮಾತು ಕುಗ್ಗಿರಲಿಲ್ಲ, ಬಹುಮಂದಿಯಲ್ಲಿ ಹೆಚ್ಚಿತ್ತು.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಬಾಯಿಮಾತಿಗೆ ಬದಲಾಗಿಯೂ ಪೂರಕವಾಗಿಯೂ ಬರುವ ರೀತಿಗಳನ್ನು ‘ಸಂವಹನ’ವೆಂದೇ ಎಣಿಸಿದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಾಯಿದೆಗೂ ಕೊರತೆಯಿಲ್ಲ, ವಿದ್ಯೆಗೂ ಕೊರತೆಯಿಲ್ಲ.

ಆದರೆ ಪೌರಸಭೆಯವರು ಇಂಗ್ಲಿಷ್ ಫಲಕವೊಂದನ್ನು ತಂದು ನೆಟ್ಟು, ಫೋಟೋ ತೆಗೆಸಿಕೊಂಡು ಹೋಗುವುದಾದರೆ ಆ ಹಣವನ್ನು ಉಳಿಸಲಿ. ಚಿತ್ರದ ಕೆಳಗಿನ ಅಕ್ಷರ ಕನ್ನಡದ್ದಾಗಿರಬೇಕು. ಓದಿ ಉತ್ತರಿಸುವವರು ಇಲ್ಲಿಯ ಮಕ್ಕಳಷ್ಟೆ. ಬೀದಿಯ ಹುಡುಗರು ‘ಸರದಿ’ ಎನ್ನದೆ ‘ಚಾನ್ಸು’ ಎನ್ನುವರಾದರೆ ಹಾಗೆಯೇ ಬರೆಯಿಸಲಿ. ಕನ್ನಡಾಭಿಮಾನಿಗಳಾದ ನಮಗೆ ಇದರಲ್ಲಿ ತಕರಾರಿಲ್ಲ. ಫಲಕವು ಬಾಗಿಲ ಬಳಿಯಲ್ಲ, ಉಯ್ಯಾಲೆಯ ಮಗ್ಗುಲಲ್ಲಿಯೇ ಇರಲಿ. ಗಾಲಿಕುರ್ಚಿಯಲ್ಲಿ ಕುಳಿತ ಮಗುವಿನ ಕೈಗೂ ಎಟಕಲಿ.

ಇವೆಲ್ಲಕ್ಕಿಂತ ಮುಖ್ಯವಾದುದೊಂದಿದೆ. ಬೆರಳಿಟ್ಟು ಕೇಳಿದವನಿಗೆ ಬೆರಳಿಟ್ಟೇ ಉತ್ತರ ಕೊಡುವವರಿಲ್ಲದಿದ್ದರೆ ಆ ಹಲಗೆ ಬರಿಯ ಜಾಹೀರಾತು. ಆದುದರಿಂದ ನೆರೆಯ ಶಾಲೆಗಳ ಉಪಾಧ್ಯಾಯರು ಮಾತು ಬಲ್ಲ ಮಕ್ಕಳನ್ನೂ ಅಲ್ಲಿಗೆ ಕರೆತಂದು, ಫಲಕದ ಮುಂದೆ ಆಡಿಸಿ ರೂಢಿ ಮಾಡಿಸಬೇಕೆಂದು ಕೋರುತ್ತೇವೆ. ಅಂದು ಉಯ್ಯಾಲೆ ತೂಗುತ್ತಿದ್ದ ಹುಡುಗರು ಕೆಟ್ಟವರಲ್ಲ. ಬಾಲಕನು ಏನು ಹೇಳುತ್ತಿರುವನೆಂಬುದು ಅವರಿಗೆ ತಿಳಿಯಲಿಲ್ಲ.