ರೈಲು ಬೇಡವೆಂದ ಸರ್ಕಾರ
2020ರ ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪ ಬೆಂಗಳೂರಿನಲ್ಲಿ ಬಿಲ್ಡರ್‌ಗಳ ಜತೆ ಸಭೆ ನಡೆಸಿದರು. ಅದರ ಬೆನ್ನಲ್ಲೇ, ಕೊರೊನಾ ಲಾಕ್‌ಡೌನ್‌ನಲ್ಲಿ ಸಿಲುಕಿದ ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ಶ್ರಮಿಕ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಕಟ್ಟಡ ಕಾಮಗಾರಿಗೆ ಆಳುಗಳು ಬೇಕಿತ್ತಲ್ಲ! ಕೂಲಿಯಿಲ್ಲದೆ ತಗಡಿನ ಶೆಡ್ಡುಗಳಲ್ಲಿ ದಿನ ದೂಡಿದ ಬಿಹಾರ, ಉತ್ತರ ಪ್ರದೇಶದವರನ್ನು ಇಟ್ಟಿಗೆ, ಸಿಮೆಂಟಿನಂತೆ ದಾಸ್ತಾನೆಂದು ಬಗೆಯಿತೆಂಬುದನ್ನು ಬಿಟ್ಟು ಬೇರೆ ವಿವರಣೆ ನಮಗೆ ತೋಚುತ್ತಿಲ್ಲ. ಟೀಕೆ ಜೋರಾದ ಮೇಲೆ, 7ರಂದು ನಿರ್ಧಾರ ಬದಲಾಯಿತು. ವಿದೇಶದಲ್ಲಿದ್ದ ಭಾರತೀಯರನ್ನು ಕರೆತರುವ ‘ವಂದೇ ಭಾರತ್’ ವಿಮಾನಗಳು ಹಾರತೊಡಗಿದ್ದೂ ಅದೇ ದಿನ. ಟಿಕೆಟ್ ಹಣ ಪ್ರಯಾಣಿಕರದೇ, ಅದು ಬೇರೆ ಮಾತು.

ವಲಸೆ ಕಾರ್ಮಿಕರನ್ನು ಹೀಗೆ ನಡೆಸಿಕೊಳ್ಳುವುದರಲ್ಲಿ ಸಿರಿವಂತ ಸಿಂಗಪುರವೂ ಕಡಿಮೆಯೇನಲ್ಲ. ಅಲ್ಲಿ ನಾಗರಿಕರಿಗೆ ನಿರ್ಬಂಧ ಸಡಿಲವಾದದ್ದು 2020ರ ಜೂನ್‌ನಲ್ಲಿ. ಡಾರ್ಮಿಟರಿಗಳಲ್ಲಿದ್ದ ವಲಸೆ ಕಾರ್ಮಿಕರು, ಬಾಂಗ್ಲಾದೇಶ, ತಮಿಳುನಾಡಿನಿಂದ ಹೋದವರು, ಬಿಡುವಿನ ದಿನ ಹೊರಗೆ ಕಾಲಿಡಲು 2022ರ ಜೂನ್‌ವರೆಗೂ ಪಾಸ್ ಕೇಳಬೇಕಿತ್ತು.