ದೂರದ ಬೆಟ್ಟ, ಎಲ್ಲರ ಬಿಸಿನೀರು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಬಲ್ಲದವರು ಯಾರು? ಜಪಾನಿನ ಬೆಟ್ಟಗಳಾದರೋ ನಮಗೆ ದೂರಕ್ಕೂ ದೂರ. ಆದರೂ ಈ ವರ್ಷ ನಮ್ಮ ವಿದ್ಯಾರ್ಥಿನಿಲಯದಲ್ಲಿ ರಾತ್ರಿಯ ಊಟವಾದ ಮೇಲೆ ಅವುಗಳ ಮಾತೇ ಮಾತು. ಹಾಸಿಗೆ, ಒಲೆಗಳಿರುವ ಸಣ್ಣ ವ್ಯಾನೊಂದನ್ನು ಬಾಡಿಗೆಗೆ ಹಿಡಿದು, ಹಗಲೆಲ್ಲ ಬೆಟ್ಟದ ಕಾಲುದಾರಿಗಳಲ್ಲಿ ಓಡಿ, ಸಂಜೆ ಬಿಸಿನೀರಿನ ಬುಗ್ಗೆಯಲ್ಲಿ ಮೈ ನೆನೆಸಿ, ರಾತ್ರಿ ವ್ಯಾನಿನಲ್ಲೇ ಮಲಗಿ, ಮರುದಿನ ಮುಂದಿನ ಬೆಟ್ಟಕ್ಕೆ ಹೊರಡುವ ಪ್ರವಾಸಿಗರ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುವ ಗೀಳು ನಮ್ಮಲ್ಲಿ ಹಲವರಿಗೆ ಹತ್ತಿದೆ. ನೋಡಿದವರಲ್ಲಿ ಎರಡು ಪಕ್ಷ. ಒಂದು ಪಕ್ಷದವರು ಇದು ಮಹಾಸಾಹಸವೆನ್ನುತ್ತಾರೆ. ಇನ್ನೊಂದು ಪಕ್ಷದವರು ಇದು ಉಳ್ಳವರ ಶೋಕಿ, ಹೊಟ್ಟೆಗೆ ಹಿಟ್ಟಿಲ್ಲದ ನಮಗೆ ಜುಟ್ಟಿಗೆ ಮಲ್ಲಿಗೆ ಹೂವೇಕೆ ಎನ್ನುತ್ತಾರೆ. ರಜೆಯಲ್ಲಿ ಊರಿಗೆ ಹೋದಾಗ ನಮ್ಮಪ್ಪನಿಗೂ ಒಂದು ಚಿತ್ರ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, "ಅದ್ಯಾಕಪ್ಪಾ ಹಂಗೆ ಓಡ್ತಾನೆ, ಯಾರು ಅಟ್ಟಿಸ್ಕೊಂಡು ಬರ್ತಾವ್ರೆ?" ಎಂದು ಕೇಳಿದ. ತರ್ಕಶಾಸ್ತ್ರದ ದೃಷ್ಟಿಯಿಂದ ಈ ಪ್ರಶ್ನೆಯಲ್ಲಿ ದೋಷವಿಲ್ಲ.

ನಾನು ಜಪಾನನ್ನು ಕಂಡವನಲ್ಲ. ಓದಿ ತಿಳಿದಷ್ಟರಿಂದ ನನಗೆ ತೋರುವುದು ಇಷ್ಟು: ಈ ಪ್ರವಾಸದಲ್ಲಿ ಓಡುವವನ ಕಾಲಿನ ಕಸುವಿಗಿಂತ, ಅವನ ಜೇಬಿನ ಹಣಕ್ಕಿಂತ ದೊಡ್ಡದೊಂದಿದೆ. ಯಾರೊಬ್ಬರದೂ ಅಲ್ಲದ, ಎಲ್ಲರದೂ ಆದ ಕೆಲವು ಸೌಕರ್ಯಗಳು ಅವನನ್ನು ದಿನವೂ ಹೊತ್ತು ಸಲಹುತ್ತವೆ. ಸಾಹಸವೆಂದು ಹೊಗಳುವವರಿಗೂ ಶೋಕಿಯೆಂದು ತೆಗಳುವವರಿಗೂ ಅವು ಕಾಣುತ್ತಿಲ್ಲ.

ಮೊದಲು ವ್ಯಾನಿನ ಮಾತು. ಜಪಾನಿನಲ್ಲಿ 'ಕೇ' ಎಂಬ ಚಿಕ್ಕ ವಾಹನಗಳ ವರ್ಗವೊಂದಿದೆ. ಅದರ ಉದ್ದ 3.4 ಮೀಟರು, ಅಗಲ 1.48 ಮೀಟರು, ಎಂಜಿನ್ನು 660 ಸಿ.ಸಿ. ಮೀರುವಂತಿಲ್ಲ. ಈ ಪುಟ್ಟ ಗೂಡಿನೊಳಗೇ ಇಬ್ಬರು ಮಲಗುವಂತೆ ಹಾಸಿಗೆ ಹೊಂದಿಸಿದ ಗಾಡಿಗಳು ಬಾಡಿಗೆಗೆ ದೊರೆಯುತ್ತವೆ. ಈ ಗಾಡಿ ನಮಗೆ ತೀರ ಅಪರಿಚಿತವೇನಲ್ಲ. 1984ರಲ್ಲಿ ಮಾರುತಿ ವ್ಯಾನೆಂದು ಬಂದು, ಆಮೇಲೆ ಓಮ್ನಿ ಎಂಬ ಹೆಸರು ಪಡೆದು, 2019ರವರೆಗೆ ತಯಾರಾದ ನಮ್ಮ ಗಾಡಿ ಸುಜುಕಿಯವರ ಕ್ಯಾರಿ ಎಂಬ ಕೇ ವ್ಯಾನಿನ ಸಂತತಿಯೇ. ನಮ್ಮೂರಿನಲ್ಲಿ ಅದು ಶಾಲೆಯ ಮಕ್ಕಳನ್ನೂ, ಟೊಮ್ಯಾಟೊ ಕ್ರೇಟುಗಳನ್ನೂ, ಹೆಣ್ಣು ನೋಡಲು ಹೊರಟವರನ್ನೂ ಹೊರುತ್ತದೆ. ಅಲ್ಲಿ ಅದರ ದಾಯಾದಿ ಮನೆಯಾಗಿ ಕುಳಿತಿದೆ.

ಆದರೆ ಹಾಸಿಗೆ ಇದ್ದ ಮಾತ್ರಕ್ಕೆ ಗಾಡಿ ಮನೆಯಾಗದು. ನೀರು ಬೇಕು, ಶೌಚಾಲಯ ಬೇಕು, ಭಯವಿಲ್ಲದೆ ಕಣ್ಣು ಮುಚ್ಚಲು ತಾವು ಬೇಕು. 1993ರಲ್ಲಿ ಜಪಾನ್ ಸರ್ಕಾರ 'ಮಿಚಿ ನೊ ಎಕಿ', ಎಂದರೆ ರಸ್ತೆಬದಿಯ ನಿಲ್ದಾಣಗಳೆಂಬ ವ್ಯವಸ್ಥೆಯನ್ನು ಆರಂಭಿಸಿತು. ಈಗ ಅವು 1200ಕ್ಕೂ ಹೆಚ್ಚಿವೆ. ಹಗಲೂ ಇರುಳೂ ಪುಕ್ಕಟೆಯಾಗಿ ಗಾಡಿ ನಿಲ್ಲಿಸಲು ಜಾಗ, ಹಗಲೂ ಇರುಳೂ ತೆರೆದಿರುವ ಶೌಚಾಲಯ, ದಾರಿಯ ವಿವರ ತಿಳಿಯುವ ಏರ್ಪಾಡು ಅಲ್ಲಿ ಇರಲೇಬೇಕು. ಪಕ್ಕದಲ್ಲಿ ಸುತ್ತಲಿನ ಹಳ್ಳಿಯವರು ಬೆಳೆದ ತರಕಾರಿ, ಅಣಬೆ, ಉಪ್ಪಿನಕಾಯಿಗಳ ಅಂಗಡಿ. ದಣಿದ ಚಾಲಕ ನಿದ್ರೆ ಮಾಡಲಿ, ಆದರೆ ಇದನ್ನು ವಸತಿಗೃಹವೆಂದು ತಿಳಿಯಬೇಡಿ ಎಂಬುದು ಸರ್ಕಾರದ ನಿಲುವು. ನಿದ್ರೆ ಎಲ್ಲಿ ಮುಗಿದು ವಸತಿ ಎಲ್ಲಿ ಆರಂಭವಾಗುತ್ತದೆಂಬುದು ಸೂಕ್ಷ್ಮವಾದ ಪ್ರಶ್ನೆ. ಹೊರಗೆ ಕುರ್ಚಿ ಹಾಕಿ, ಒಲೆ ಹೊತ್ತಿಸಿ, ದಿನಗಟ್ಟಲೆ ಬೀಡುಬಿಟ್ಟು, ಕಸವನ್ನು ಅಲ್ಲೇ ಸುರಿದು ಹೋಗುವವರು ಅದನ್ನು ದಾಟಿದವರೆಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಇನ್ನು ಬೆಟ್ಟದ ದಾರಿ. ಬೆಟ್ಟವನ್ನು ಬಿರುಸಿನಿಂದ ದಾಟುವುದು ಇಂದು ನಿನ್ನೆಯ ಖಯಾಲಿಯೆಂದು ತಿಳಿಯಬಾರದು. ಕ್ಯೋಟೋ ನಗರದ ಪಕ್ಕದ ಹಿಯೈ ಬೆಟ್ಟದಲ್ಲಿ ತೆಂದೈ ಪಂಥದ ಭಿಕ್ಷುಗಳು ಏಳು ವರ್ಷಗಳಲ್ಲಿ ಒಂದು ಸಾವಿರ ದಿನ ನಡೆಯುವ ವ್ರತವೊಂದನ್ನು ಕೈಗೊಳ್ಳುತ್ತಾರೆ. ಕಾಲಿಗೆ ಹುಲ್ಲಿನ ಪಾದರಕ್ಷೆ. ಮೊದಲ ಮೂರು ವರ್ಷ, ವರ್ಷಕ್ಕೆ ನೂರು ದಿನ, ದಿನಕ್ಕೆ ಸುಮಾರು 30 ಕಿಲೋಮೀಟರು. ಐದನೆಯ ವರ್ಷದ ನಡಿಗೆ ಮುಗಿದಾಗ ಒಂಬತ್ತು ದಿನ ಅನ್ನ, ನೀರು, ನಿದ್ರೆ ಮೂರನ್ನೂ ಬಿಟ್ಟು ಕೂರಬೇಕು. ಏಳನೆಯ ವರ್ಷದಲ್ಲಿ ನೂರು ದಿನ, ದಿನಕ್ಕೆ 84 ಕಿಲೋಮೀಟರು! ಇದರ ಮುಂದೆ ನಮ್ಮ ಮೊಬೈಲಿನ ವೀರರ ಓಟ ಸಂಜೆಯ ತಿರುಗಾಟದಂತೆ ತೋರುತ್ತದೆ. ಈ ಕಾಲದವರಲ್ಲೂ ಗಟ್ಟಿಗರಿಲ್ಲದಿಲ್ಲ. 2002ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದಿರುವ ಒಂದು ಪಂದ್ಯದಲ್ಲಿ ಓಟಗಾರರು ಉತ್ತರದ ತೊಯಾಮಾ ಕೊಲ್ಲಿಯಿಂದ ಹೊರಟು, ಮೂರು ಪರ್ವತಶ್ರೇಣಿಗಳನ್ನು ದಾಟಿ, ದಕ್ಷಿಣದ ಸುರುಗಾ ಕೊಲ್ಲಿಯನ್ನು ಮುಟ್ಟುತ್ತಾರೆ. ದೂರ ಸುಮಾರು 415 ಕಿಲೋಮೀಟರು, ಅವಧಿ ಎಂಟು ದಿನ. ತಮ್ಮ ಡೇರೆಯನ್ನು ತಾವೇ ಹೊರಬೇಕು.

ಆ ಶ್ರೇಣಿಗಳನ್ನು ಜಪಾನಿನ ಆಲ್ಪ್ಸ್ ಎಂದು ಕರೆದವನು ವಿಲಿಯಂ ಗೌಲೆಂಡ್ ಎಂಬ ಇಂಗ್ಲಿಷ್ ಎಂಜಿನಿಯರು. ಹೆಸರಿಟ್ಟವರಿಗೆ ಕೀರ್ತಿ ಬರುತ್ತದೆ. ದಾರಿ ಸವೆಸಿದವರಿಗೆ ಬರುವುದಿಲ್ಲ. 3180 ಮೀಟರು ಎತ್ತರದ ಯಾರಿ ಶಿಖರವನ್ನು 1828ರಲ್ಲೇ ಬನ್‌ರ್ಯೂ ಎಂಬ ಸಂನ್ಯಾಸಿ ಹತ್ತಿ ಅಲ್ಲಿ ಬುದ್ಧನ ವಿಗ್ರಹಗಳನ್ನಿರಿಸಿದ. ಅವನಿಗೆ ದಾರಿ ತೋರಿದವನು ಕೆಳಗಿನ ಹಳ್ಳಿಯ ನಕಾತಾ ಮತಾಜೂರೋ ಎಂಬಾತ. ಇಂದಿಗೂ ಬೇಸಿಗೆಯಲ್ಲಿ ಮಳೆ ಕೊಚ್ಚಿದ ದಾರಿಗೆ ಕಲ್ಲು ಕೂಡಿಸುವವರು, ಬಿದ್ದ ಏಣಿಯನ್ನು ಎತ್ತಿ ಕಟ್ಟುವವರು ಹೆಚ್ಚಾಗಿ ಬೆಟ್ಟದ ಮೇಲಿನ ತಂಗುಮನೆಗಳ ಜನ. ಓಟಗಾರನ ಚಿತ್ರದಲ್ಲಿ ಅವರು ಅರೆಗಳಿಗೆಯೂ ಕಾಣಿಸಿಕೊಳ್ಳುವುದಿಲ್ಲ.

ಬೆಟ್ಟದ ಕೆಳಗೆ ಬೆಂಕಿಯಿದೆ ಎಂಬುದನ್ನೂ ಮರೆಯುವಂತಿಲ್ಲ. 2014ರ ಸೆಪ್ಟೆಂಬರ್ 27ರಂದು, ಶನಿವಾರ ನಡುಹಗಲಿನ ಹೊತ್ತಿಗೆ, ಒಂತಾಕೆ ಪರ್ವತ ಸಿಡಿಯಿತು. ಮೇಲಿದ್ದ ಚಾರಣಿಗರಲ್ಲಿ 58 ಜನ ಸತ್ತರು, ಐವರು ಸಿಕ್ಕಲೇ ಇಲ್ಲ. ಸಂಜೆ ನೀರಿಗಿಳಿದು ಹಾಯೆನ್ನುವ ಓಟಗಾರನಿಗೆ ಆ ನೀರನ್ನು ಎಷ್ಟೋ ಕಡೆ ಕಾಯಿಸಿಕೊಡುವುದು ಇಂಥ ಬೆಂಕಿಯೇ.

ಆ ನೀರಿಗೂ ಅಲ್ಲಿ ಕಾನೂನಿದೆ. 1948ರ ಶಾಸನದಂತೆ ನೆಲದಿಂದ ಹೊರಡುವಾಗ 25 ಡಿಗ್ರಿಗೆ ಕಡಿಮೆಯಿಲ್ಲದ ನೀರು, ಅಥವಾ ಗೊತ್ತುಮಾಡಿದ 19 ದ್ರವ್ಯಗಳಲ್ಲಿ ಒಂದಾದರೂ ತಕ್ಕ ಪ್ರಮಾಣದಲ್ಲಿರುವ ನೀರು 'ಒನ್‌ಸೆನ್' ಎನಿಸಿಕೊಳ್ಳುತ್ತದೆ. ಕೊಳಕ್ಕೆ ಇಳಿಯುವ ಮುನ್ನ ಹೊರಗೆ ಕುಳಿತು ಮೈಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು. ಬಟ್ಟೆಯ ಚೂರೂ ನೀರಿಗೆ ಸೋಕಬಾರದು. ನಮ್ಮ ಹಂಡೆಯ ನೀರಿನ ಅಭ್ಯಂಜನವನ್ನು ಬಲ್ಲವರಿಗೆ ಬಿಸಿನೀರಿನ ಸುಖವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮದು ಕದ ಮುಚ್ಚಿದ ಬಚ್ಚಲಿನ ಸುಖ, ಅವರದು ಊರವರೆಲ್ಲ ಕೂಡಿ ಕೂರುವ ಸುಖ. ನಾಗಾನೋ ಪ್ರಾಂತದ ನೊಜಾವಾ ಒನ್‌ಸೆನ್ ಎಂಬ ಹಳ್ಳಿಯಲ್ಲಿ ಇಂಥ 13 ಸಾರ್ವಜನಿಕ ಸ್ನಾನಗೃಹಗಳಿವೆ. ಒಂದೊಂದನ್ನೂ ಆಯಾ ಕೇರಿಯ ಮನೆಯವರು ಕೂಟ ಕಟ್ಟಿಕೊಂಡು ತೊಳೆದು ಬಳಿದು ಕಾಪಾಡುತ್ತ ಬಂದಿದ್ದಾರೆ. ಹಣದ ಬದಲು ಬಾಗಿಲಲ್ಲೊಂದು ಕಾಣಿಕೆಯ ಪೆಟ್ಟಿಗೆ. ಅಂಗಿ ಕಳಚಿದ ಮೇಲೆ ಗುಮಾಸ್ತ ಯಾರು, ಸಾಹುಕಾರ ಯಾರು?

ಇಷ್ಟಕ್ಕೇ ಹೊಗಳಿ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರವಾದೀತು. ಹೊಕ್ಕೈಡೋ ದ್ವೀಪದ ಒಟಾರು ನಗರದಲ್ಲಿ ಒಂದು ಸ್ನಾನಗೃಹ ಮುಖ ನೋಡಿ ಪರದೇಶಿಯರನ್ನು ಹೊರಗೆ ನಿಲ್ಲಿಸಿತು. ಜಪಾನಿನ ಪೌರತ್ವ ಪಡೆದವನೊಬ್ಬನಿಗೂ ಪ್ರವೇಶ ದೊರೆಯಲಿಲ್ಲ. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2002ರಲ್ಲಿ ಸಪ್ಪೊರೋ ಜಿಲ್ಲಾ ನ್ಯಾಯಾಲಯ ಅದನ್ನು ಜನಾಂಗ ಭೇದವೆಂದು ತೀರ್ಮಾನಿಸಿ ಪರಿಹಾರ ಕೊಡಿಸಿತು. ನೀರಿನ ಬಳಿಗೆ ಯಾರು ಬರಬಹುದೆಂಬ ಪ್ರಶ್ನೆ ನಮಗೆ ಹೊಸದಲ್ಲ. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡಿನ ಚೌದಾರ್ ಕೆರೆಯಲ್ಲಿ ನೀರು ಮುಟ್ಟಿದ್ದು ಬಾಯಾರಿಕೆಗಾಗಿ ಅಲ್ಲವೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಎಲ್ಲರ ಕೆರೆ ಎಂದ ಮೇಲೆ ಎಲ್ಲರೂ ಇಳಿಯುವಂತಿರಬೇಕು. ಇಳಿದವರೆಲ್ಲರೂ ಮೊದಲು ಮೈ ತೊಳೆದಿರಬೇಕು. ಇವೆರಡರಲ್ಲಿ ಒಂದನ್ನು ಮಾತ್ರ ಹಿಡಿದು ವಾದಿಸುವವರನ್ನು ಕಂಡರೆ ನನಗೆ ಸಂಶಯ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಮನೆತನದಲ್ಲಿ ಕಾಲೇಜಿಗೆ ಬಂದವನು ನಾನೇ ಮೊದಲಿಗ. ಓದಿದ್ದು ಸರ್ಕಾರಿ ಶಾಲೆಯಲ್ಲಿ, ಉಂಡದ್ದು ಬಿಸಿಯೂಟ, ಓಡಾಡುವುದು ಬಸ್ ಪಾಸಿನಲ್ಲಿ, ಈ ಲೇಖನ ಬರೆಯುತ್ತಿರುವುದು ಊರಿನ ಸಾರ್ವಜನಿಕ ಗ್ರಂಥಾಲಯದ ಮೇಜಿನ ಮೇಲೆ. ಪಿತ್ರಾರ್ಜಿತವೆಂದು ನನಗಿರುವುದು ಇವೇ. ಗ್ರಂಥಾಲಯದ ಪುಸ್ತಕದಿಂದ ಬೇಕಾದ ನಾಲ್ಕು ಹಾಳೆ ಹರಿದುಕೊಂಡು ಹೋದವನ ಮೇಲೆ ನನಗೆ ಬರುವ ಸಿಟ್ಟೂ, ರಸ್ತೆಬದಿಯ ನಿಲ್ದಾಣದಲ್ಲಿ ಬೀಡುಬಿಟ್ಟು ಕಸ ಚೆಲ್ಲಿ ಹೋದ ವ್ಯಾನಿನವನ ಮೇಲೆ ಬರುವ ಸಿಟ್ಟೂ ಒಂದೇ ಜಾತಿಯವು.

ಆದ್ದರಿಂದಲೇ ಫ್ಯೂಜಿ ಪರ್ವತದ ಹೊಸ ಕಟ್ಟಳೆಗಳನ್ನು ಓಟದ ಪ್ರಿಯರು ಗೊಣಗುತ್ತ ಸ್ವೀಕರಿಸುವುದು ನನಗೆ ಹಿಡಿಸದು. ರಾತ್ರಿಯೆಲ್ಲ ನಿಲ್ಲದೆ ಹತ್ತಿ ಸೂರ್ಯೋದಯ ನೋಡಿ ಇಳಿಯುವವರ ನೂಕುನುಗ್ಗಲನ್ನು ತಡೆಯಲು 2024ರಲ್ಲಿ ಯೊಶಿದಾ ದಾರಿಗೆ ಬಾಗಿಲಿಟ್ಟು, 2000 ಯೆನ್ ಸುಂಕ ವಿಧಿಸಿ, ದಿನಕ್ಕೆ 4000 ಜನರೆಂಬ ಮಿತಿ ಹಾಕಿದರು. 2025ರಲ್ಲಿ ಎಲ್ಲ ದಾರಿಗಳಿಗೂ 4000 ಯೆನ್ ಆಯಿತು. ಮೇಲಿನ ತಂಗುಮನೆಯಲ್ಲಿ ಜಾಗ ಕಾದಿರಿಸದವರಿಗೆ ಮಧ್ಯಾಹ್ನ ಎರಡರಿಂದ ಬೆಳಗಿನ ಜಾವ ಮೂರರವರೆಗೆ ಪ್ರವೇಶವಿಲ್ಲವೆಂದಾಯಿತು. ಸುಂಕ ಬಡವನಿಗೆ ಭಾರವೆಂಬ ಆಕ್ಷೇಪಣೆಯನ್ನು ನಾನು ಗೌರವಿಸುತ್ತೇನೆ. ಬಡ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದ್ದರೆ ಒಳ್ಳೆಯದು. ಕಾಯುವುದು ಭಾರವೆಂಬ ಆಕ್ಷೇಪಣೆಗೆ ಮಾತ್ರ ಮರುಕವಿಲ್ಲ. ಮೂರು ಗಂಟೆಯವರೆಗೆ ಬೆಟ್ಟದ ಬುಡದಲ್ಲಿ ವ್ಯಾನಿನೊಳಗೆ ಮಲಗಿರಲಿ. ಹಾಸಿಗೆಯನ್ನು ಜೊತೆಗೆ ತಂದದ್ದು ಅದಕ್ಕೇ ಅಲ್ಲವೆ?