‘ನಾವು ಬ್ಯಾರಿಗಳು’ ಎಂದು ಬರೆಯುವುದು ಯಾರಿಗಾಗಿ?

ಅಂಜನಾಪುರದಲ್ಲಿ ನಾವು ಸಂಜೆ ಹೊತ್ತು ಮಕ್ಕಳಿಗೆ ಮದ್ರಸ ಪಾಠ ಹೇಳುತ್ತೇವೆ. ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯಿಂದ ವ್ಯಾಪಾರಕ್ಕೆ, ಕೆಲಸಕ್ಕೆ ಅಂತ ಬಂದು ಇಲ್ಲೇ ಮನೆ ಮಾಡಿದವರ ಮಕ್ಕಳು. ಕಳೆದ ತಿಂಗಳು ಆರನೇ ಕ್ಲಾಸಿನ ಹುಡುಗನೊಬ್ಬ ಶಾಲೆಗೆ ಬರೆದ ‘ನನ್ನ ಪರಿಚಯ’ ಪ್ರಬಂಧ ತೋರಿಸಿದ. ಅಕ್ಷರ ಚೆಂದ ಉಂಟು. ಆದರೆ ಮನೆಮಾತು ‘ಉರ್ದು’ ಎಂದಿತ್ತು. “ನಿಮ್ಮ ಮನೆಯಲ್ಲಿ ಉರ್ದು ಮಾತಾಡ್ತಾರಾ?” ಎಂದು ಕೇಳಿದೆವು. “ಇಲ್ಲ ಉಸ್ತಾದ್. ಬ್ಯಾರಿ ಅಂತ ಬರೆದರೆ ಎಲ್ಲರೂ ಅದೆಂತದು ಅಂತ ಕೇಳ್ತಾರೆ. ನನಗೆ ಹೇಳ್ಲಿಕ್ಕೆ ಗೊತ್ತಿಲ್ಲ” ಎಂದ.

ತಪ್ಪು ಹುಡುಗನದ್ದಲ್ಲ. ಹೇಳಲು ಬೇಕಾದ ನಾಲ್ಕು ಮಾತನ್ನು ನಾವು ಹಿರಿಯರು ಅವನಿಗೆ ಕೊಟ್ಟಿಲ್ಲ.

ಊರಲ್ಲಿದ್ದಾಗ ಈ ಪ್ರಶ್ನೆ ಏಳುವುದೇ ಇಲ್ಲ. ಊರು ಬಿಟ್ಟ ಮೇಲೆ ನಾವು ಯಾರು ಎಂಬುದು ನಮಗೇ ಗೊತ್ತಾಗುವುದು. ಅಮೆರಿಕದ ಕಪ್ಪು ಜನಾಂಗದ ಲೇಖಕಿ ಝೋರಾ ನೀಲ್ ಹರ್ಸ್ಟನ್ 1928ರಲ್ಲಿ ತಮ್ಮ ಬಣ್ಣದ ಬಗ್ಗೆ ಒಂದು ಪ್ರಬಂಧ ಬರೆದರು. ಅವರು ಬೆಳೆದ ಈಟನ್‌ವಿಲ್ ಎಂಬ ಊರಿನಲ್ಲಿ ಇದ್ದವರೆಲ್ಲ ಕಪ್ಪು ಜನ. ಹದಿಮೂರನೇ ವಯಸ್ಸಿನಲ್ಲಿ ಜಾಕ್ಸನ್‌ವಿಲ್ ಎಂಬ ಬೇರೆ ಊರಿಗೆ ಹೋದಾಗಲೇ ತಾನು ‘ಬಣ್ಣದ ಹುಡುಗಿ’ ಎಂಬುದು ಅವರಿಗೆ ತಿಳಿದದ್ದು. ಆದರೆ ಆ ಬರಹ ಗೋಳಾಟವಲ್ಲ. ನನ್ನ ಬಣ್ಣಕ್ಕಾಗಿ ನಾನು ಅಳುತ್ತಾ ಕೂತಿಲ್ಲ ಎಂಬ ಧೈರ್ಯ ಅದರಲ್ಲಿ ಉಂಟು. ಕನಿಕರ ಬೇಡುವುದೂ ಅಲ್ಲ, ಇನ್ನೊಬ್ಬರಿಗಿಂತ ಮೇಲು ಎನ್ನುವುದೂ ಅಲ್ಲ. ನನ್ನನ್ನು ಪೂರ್ತಿ ಮನುಷ್ಯಳಾಗಿ ನೋಡಿ ಎಂಬುದೇ ಆ ಬರಹದ ಉದ್ದೇಶ ಎಂದು ನಮಗೆ ಕಾಣುತ್ತದೆ.

ನಮ್ಮ ಕನ್ನಡದಲ್ಲೂ ಇಂಥ ಬರಹ ಕಡಿಮೆಯಿಲ್ಲ. ಇಲ್ಲಿ ಬಣ್ಣದ ಜಾಗದಲ್ಲಿ ಜಾತಿ ನಿಂತಿದೆ, ಅಷ್ಟೇ. ಮೀಸಲಾತಿಯಿಂದ ಕೆಲಸ ಸಿಕ್ಕಿದ ದಲಿತರನ್ನು ಹಂಗಿಸಲು ಜನ ಆಡುತ್ತಿದ್ದ ಮಾತನ್ನೇ ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ ಹೆಸರಾಗಿ ಇಟ್ಟರು: ‘ಗೌರ್ಮೆಂಟ್ ಬ್ರಾಹ್ಮಣ’. ಬೇರೆಯವರು ಎಸೆದ ಕಲ್ಲನ್ನು ಎತ್ತಿ ತನ್ನ ಮನೆಯ ಮೆಟ್ಟಿಲಿಗೆ ಹಾಕಿದ ಹಾಗೆ. ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ಹಸಿವು, ಅವಮಾನವನ್ನು ನಗಿಸುತ್ತಲೇ ಹೇಳಿದರು. ಓದಿದವನು ಮೊದಲು ನಗುತ್ತಾನೆ, ಆಮೇಲೆ ತಲೆ ತಗ್ಗಿಸುತ್ತಾನೆ.

ಇನ್ನು ನಮಗೆ ಹತ್ತಿರದವರು ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, 2023ರ ಜನವರಿಯಲ್ಲಿ ತೀರಿಹೋದರು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ತಲಾಖಿನ ಹೆಸರಲ್ಲಿ ಒಂದು ಹೆಣ್ಣಿನ ಬಾಳು ಹಾಳಾದ ಕಥೆ ಬರೆದರು. ‘ಹೊತ್ತು ಕಂತುವ ಮುನ್ನ’ದಲ್ಲಿ ತಮ್ಮದೇ ಬದುಕನ್ನು ಬರೆದರು. ಮನೆಯ ಮಾತನ್ನು ಬೀದಿಗೆ ತಂದರು ಎಂದು ನಮ್ಮಲ್ಲೇ ಕೆಲವರಿಗೆ ಸಿಟ್ಟು. ಅವರ ಎಲ್ಲ ಮಾತನ್ನು ನಾವೂ ಒಪ್ಪಬೇಕೆಂದಿಲ್ಲ. ಆದರೆ ಒಂದು ಮಾತು ನಿಜ: ತನ್ನವರ ಮೇಲೆ ಪ್ರೀತಿ ಇಲ್ಲದವರು ಅಷ್ಟು ನೊಂದು ಬರೆಯುವುದಿಲ್ಲ. ಗಾಯಕ್ಕೆ ಬಟ್ಟೆ ಮುಚ್ಚಿದರೆ ಅದು ಅಭಿಮಾನವಾಗುವುದಿಲ್ಲ.

ಹಾಗಾದರೆ ಅಭಿಮಾನ ಎಲ್ಲಿ ನಿಲ್ಲಬೇಕು? ಸೂರಃ ಹುಜುರಾತ್ ನಮಗೆ ಕಲಿಸುವುದು ಇದನ್ನೇ. ಜನಾಂಗ, ಗೋತ್ರಗಳನ್ನು ಮಾಡಿದ್ದು ಒಬ್ಬರನ್ನೊಬ್ಬರು ಅರಿಯಲಿಕ್ಕೆ, ದೊಡ್ಡಸ್ತಿಕೆ ಕೊಚ್ಚಿಕೊಳ್ಳಲಿಕ್ಕಲ್ಲ. ಶಾಲೆಯ ಪ್ರಬಂಧದ ಹೆಸರೂ ‘ನನ್ನ ಪರಿಚಯ’ ಅಲ್ಲವೇ? ಹೆಸರು ಅಡಗಿಸಿದರೆ ಪರಿಚಯ ಆಗುವುದು ಹೇಗೆ? ಉರ್ದು ಮಾತಾಡುವ ನಮ್ಮ ಸಹೋದರರಿಗಿಂತ ನಾವು ಮೇಲೂ ಅಲ್ಲ, ಕೀಳೂ ಅಲ್ಲ. ನಮ್ಮ ಬಾಸೆ ಬೇರೆ, ಅಷ್ಟೇ.

ನಾವು ಆ ಹುಡುಗನಿಗೆ ಹೇಳಿದ್ದು ಇಷ್ಟು: ನಮ್ಮದು ಕರಾವಳಿಯ ಬಾಸೆ. ಮಲಯಾಳಂ, ತುಳು, ಅರಬಿ ಎಲ್ಲ ಅದರಲ್ಲಿ ಬೆರೆತಿದೆ. ಬರೆಯುವಾಗ ಕನ್ನಡ ಅಕ್ಷರದಲ್ಲಿ ಬರೆಯುತ್ತೇವೆ. 2009ರಲ್ಲಿ ಕರ್ನಾಟಕ ಸರಕಾರ ಅದಕ್ಕೊಂದು ಸಾಹಿತ್ಯ ಅಕಾಡೆಮಿಯನ್ನೂ ಮಾಡಿದೆ. ಹುಡುಗನ ಕಣ್ಣು ಅರಳಿತು. “ಅಕಾಡೆಮಿ ಉಂಟಾ ಉಸ್ತಾದ್?” ಎಂದ.

ಆದರೆ ಇದು ಉಸ್ತಾದರು ಹೇಳಿ ಮುಗಿಯುವ ಪಾಠ ಅಲ್ಲ. ಊರಿನ ಅಜ್ಜಿಯ ಫೋನ್ ಬಂದಾಗ ಮಗು ನಾಚಿ ಓಡಿಹೋದರೆ, ಕರೆದು ಮಾತಾಡಿಸಿ. ಅಜ್ಜ ಯಾವ ವ್ಯಾಪಾರ ಮಾಡುತ್ತಿದ್ದರು, ಉಮ್ಮ ಶಾಲೆ ಯಾಕೆ ಬಿಟ್ಟರು, ನೀವು ಬೆಂಗಳೂರಿಗೆ ಬಂದ ಮೊದಲ ದಿನ ಎಲ್ಲಿ ಮಲಗಿದಿರಿ, ಎಲ್ಲ ಹೇಳಿ. ನಾಚಿಕೆಯದ್ದನ್ನೂ ಹೇಳಿ. ಮುಂದಿನ ಸಲ ‘ನನ್ನ ಪರಿಚಯ’ ಬರೆಯುವಾಗ ಅವನ ಕೈಯಲ್ಲಿ ಬರೆಯಲಿಕ್ಕೆ ಏನಾದರೂ ಇರಲಿ.